ಒಂಬತ್ತು, ಹತ್ತನೇ ಗ್ರೇಡಿನಲ್ಲಿ ಕಾಲೇಜಿನ ತಯಾರಿ: ಯಾವುದು ಈಗಲೇ, ಯಾವುದು ಆಮೇಲೆ

ಫೆಬ್ರವರಿ ತಿಂಗಳ ಒಂದು ರಾತ್ರಿ. ಮಗಳು ಆಗ ಒಂಬತ್ತನೇ ಗ್ರೇಡು. ಮುಂದಿನ ವರ್ಷಕ್ಕೆ ಯಾವ ಯಾವ ಕೋರ್ಸು ಬೇಕು ಅಂತ ಬರೆದುಕೊಡುವ ಹಾಳೆ ಊಟದ ಮೇಜಿನ ಮೇಲಿತ್ತು. ಏಳು ಪೀರಿಯಡ್‌ಗೆ ಏಳು ಗೆರೆ. ಆರು ತುಂಬಿತ್ತು. ಏಳನೆಯದರಲ್ಲಿ ಆರ್ಕೆಸ್ಟ್ರಾ ಅಂತ ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ರಬ್ಬರ್ ಉಜ್ಜಿ ಉಜ್ಜಿ ಆ ಜಾಗದಲ್ಲಿ ಹಾಳೆ ತೆಳುವಾಗಿತ್ತು.

“ಅಮ್ಮಾ, ಇದನ್ನ ಬಿಟ್ಟು ಇನ್ನೊಂದು ಎಪಿ ಹಾಕ್ಲಾ? ಎಲ್ಲರೂ ಹಾಕ್ತಿದ್ದಾರೆ. ಹಾಕದೇ ಇದ್ರೆ ಒಳ್ಳೇ ಕಾಲೇಜು ಸಿಗಲ್ವಾ?”

ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಾನೂ ಅವಳಪ್ಪನೂ ಕೊನೆಯ ಪರೀಕ್ಷೆಯ ಅಂಕಪಟ್ಟಿ ಹಿಡಿದು ಕಾಲೇಜು ಸೇರಿದವರು. ಇಲ್ಲಿ ಅಮೆರಿಕದಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಗ್ರೇಡು ಟ್ರಾನ್ಸ್‌ಕ್ರಿಪ್ಟ್ ಅನ್ನುವ ಅಂಕಗಳ ದಾಖಲೆಗೆ ಸೇರುತ್ತದೆ. ಈಗ ಮಗಳು ಕಾಲೇಜಿನಲ್ಲಿದ್ದಾಳೆ. ಆ ನಾಲ್ಕು ವರ್ಷದಲ್ಲಿ ಓದಿ, ಕೇಳಿ, ಕೌನ್ಸೆಲರ್ ಎದುರು ಕೂತು ತಿಳಿದುಕೊಂಡದ್ದನ್ನು ಇಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದೇನೆ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಇನ್ನೂ ಒಳ್ಳೆಯದು.

ಹದಿನಾಲ್ಕು, ಹದಿನೈದು ವರ್ಷದ ಮಗುವಿಗೆ ಕಾಲೇಜು ಆರಿಸಲು ಹೋಗಬೇಡಿ. ಮುಂದಿನ ವರ್ಷದ ಕೋರ್ಸು ಆರಿಸಿ, ಸಾಕು. ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಈಗ ಬಿಟ್ಟರೆ ಆಮೇಲೆ ಹಿಡಿಯಬಹುದಾ? ಹಿಡಿಯಬಹುದಾದರೆ ಅವಸರ ಬೇಡ. ಆಗದಿದ್ದರೆ ಅದಕ್ಕೆ ಈಗಲೇ ಕೂತು ಯೋಚನೆ ಮಾಡಿ. ಕೆಳಗಿನ ಎಲ್ಲ ಹೋಲಿಕೆಯನ್ನೂ ನಾನು ಈ ಒಂದು ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ಗಣಿತ: ವೇಗದ ಸಾಲೋ, ಸಾಮಾನ್ಯ ಸಾಲೋ

ಆಮೇಲೆ ಹಿಡಿಯುವುದು ಕಷ್ಟ ಅನ್ನಿಸುವ ವಿಷಯಗಳಲ್ಲಿ ಮೊದಲನೆಯದು ಗಣಿತ. ಸಾಮಾನ್ಯವಾಗಿ ಆಲ್ಜೀಬ್ರಾ 1, ಜಿಯಾಮೆಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಹೀಗೆ ಒಂದರ ಹಿಂದೆ ಒಂದು ಬರುತ್ತದೆ. ಎಂಟನೇ ಗ್ರೇಡಿನಲ್ಲಿ ಆಲ್ಜೀಬ್ರಾ 1 ಮುಗಿಸಿದ ಮಗು ಹನ್ನೆರಡಕ್ಕೆ ಕ್ಯಾಲ್ಕುಲಸ್‌ಗೆ ಬರುತ್ತದೆ. ಒಂಬತ್ತರಲ್ಲಿ ಶುರು ಮಾಡಿದರೆ ಹನ್ನೆರಡಕ್ಕೆ ಪ್ರೀಕ್ಯಾಲ್ಕುಲಸ್. ಎಂಜಿನಿಯರಿಂಗ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಕಡೆ ಒಲವಿರುವ ಮಗುವಿಗೆ ಈ ಒಂದು ವರ್ಷದ ವ್ಯತ್ಯಾಸ ದೊಡ್ಡದು.

ಹಿಂದೆ ಬಿದ್ದರೆ ದಾರಿ ಇಲ್ಲ ಅಂತಲ್ಲ. ಹತ್ತನೇ ಗ್ರೇಡಿನಲ್ಲಿ ಜಿಯಾಮೆಟ್ರಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಹಲವು ಶಾಲೆಗಳು ಬಿಡುತ್ತವೆ. ಬೇಸಿಗೆಯಲ್ಲಿ ಒಂದು ಕೋರ್ಸು ಮುಗಿಸುವುದೂ ಇದೆ. ಆದರೆ ಬೇಸಿಗೆಯ ಆರು ವಾರದಲ್ಲಿ ಇಡೀ ವರ್ಷದ ಆಲ್ಜೀಬ್ರಾ 2 ನುಂಗಿಸುವುದು ನನಗೆ ಇಷ್ಟವಿಲ್ಲ. ಮುಂದಿನ ಎಲ್ಲ ಗಣಿತವೂ ಅದರ ಮೇಲೆ ನಿಲ್ಲುತ್ತದೆ. ಅವಸರದಲ್ಲಿ ಹಾಕಿದ ಬುನಾದಿ ಪ್ರೀಕ್ಯಾಲ್ಕುಲಸ್‌ನಲ್ಲಿ ಕುಸಿಯುತ್ತದೆ. ಆರಿಸಲೇಬೇಕಾದರೆ ಜಿಯಾಮೆಟ್ರಿಯನ್ನು ಬೇಸಿಗೆಗೆ ಹಾಕಿ, ಆಲ್ಜೀಬ್ರಾ 2 ಅನ್ನು ವರ್ಷಪೂರ್ತಿ ಓದಲು ಬಿಡಿ.

ಎರಡನೆಯದು ಭಾಷೆ. ಸ್ಪ್ಯಾನಿಷ್ ಅಥವಾ ಫ್ರೆಂಚ್ ಎರಡು ವರ್ಷಕ್ಕೆ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡು ವರ್ಷ ಕಡ್ಡಾಯ ಮಾಡಿದೆ, ಮೂರು ವರ್ಷ ಇದ್ದರೆ ಒಳ್ಳೆಯದು ಅನ್ನುತ್ತದೆ. ಮನೆಯಲ್ಲಿ ಕನ್ನಡ ಓದಲು, ಬರೆಯಲು ಬರುವ ಮಕ್ಕಳಿದ್ದರೆ ಅದನ್ನು ಪರೀಕ್ಷೆ ಮಾಡಿ ದಾಖಲೆಗೆ ಸೇರಿಸುವ ದಾರಿ ನಿಮ್ಮ ಶಾಲಾ ಜಿಲ್ಲೆಯಲ್ಲಿ ಇದೆಯಾ ಅಂತ ಒಂದು ಸಲ ಕೇಳಿ. ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾಕ್ಕೆ ಸೀಲ್ ಆಫ್ ಬೈಲಿಟರಸಿ ಅನ್ನುವ ಮುದ್ರೆ ಹಾಕುವ ಕಾನೂನನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ. ಆಮೇಲೆ ಬೇರೆ ರಾಜ್ಯಗಳೂ ಅದನ್ನು ತಂದವು. ಮಗು ವರ್ಷಗಟ್ಟಲೆ ಭಾನುವಾರ ಕೂತು ಕಲಿತ ಕನ್ನಡಕ್ಕೆ ಶಾಲೆಯ ಕಾಗದದಲ್ಲೂ ಒಂದು ಜಾಗ ಸಿಗಲಿ ಅಂತ ನನಗೆ ತುಂಬಾ ಆಸೆ.

ಎಪಿ, ಐಬಿ, ಡ್ಯುಯಲ್ ಎನ್‌ರೋಲ್‌ಮೆಂಟ್

ಜಾಸ್ತಿ ಗೊಂದಲ ಇರುವುದು ಇಲ್ಲೇ. ಮೂರೂ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಓದು. ಆದರೆ ತಪ್ಪಿದರೆ ಏನಾಗುತ್ತದೆ ಅನ್ನುವುದರಲ್ಲಿ ಮೂರೂ ಬೇರೆ ಬೇರೆ.

ಎಪಿ ಕೋರ್ಸುಗಳನ್ನು ನಡೆಸುವುದು ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ. ಒಂದೊಂದೇ ವಿಷಯವನ್ನು ಬೇಕಾದಂತೆ ತೆಗೆದುಕೊಳ್ಳಬಹುದು. ಪರೀಕ್ಷೆ ಮೇ ತಿಂಗಳಲ್ಲಿ, ಅಂಕ 1ರಿಂದ 5. ಒಂದು ಪರೀಕ್ಷೆಗೆ ಸುಮಾರು 100 ಡಾಲರ್. ಮನೆಯ ಆದಾಯ ಕಡಿಮೆ ಇದ್ದರೆ ರಿಯಾಯಿತಿ ಇದೆ. ಇಲ್ಲಿ ಒಂದು ಸಮಾಧಾನದ ವಿಷಯ: ತರಗತಿಯಲ್ಲಿ ಬಂದ ಗ್ರೇಡು ಬೇರೆ, ಮೇ ಪರೀಕ್ಷೆಯ ಅಂಕ ಬೇರೆ. ಮೇನಲ್ಲಿ 2 ಬಂದರೆ ತರಗತಿಯ ಎ ಹೋಗುವುದಿಲ್ಲ. ರಾಜ್ಯದ ಕಾಲೇಜುಗಳು ಹೆಚ್ಚಾಗಿ 3ಕ್ಕೇ ಕ್ರೆಡಿಟ್ ಕೊಡುತ್ತವೆ, ಅಂದರೆ ಕಾಲೇಜಿನಲ್ಲಿ ಆ ಕೋರ್ಸು ಮುಗಿದಂತೆ ಎಣಿಸುತ್ತವೆ. ಪೈಪೋಟಿ ಜಾಸ್ತಿ ಇರುವ ಕಾಲೇಜುಗಳು 4 ಅಥವಾ 5 ಕೇಳುತ್ತವೆ. ಕೆಲವು ಖಾಸಗಿ ಕಾಲೇಜುಗಳು ಕ್ರೆಡಿಟ್ ಕೊಡುವುದಿಲ್ಲ, ಮೇಲಿನ ಮಟ್ಟದ ಕೋರ್ಸಿಗೆ ನೇರ ಬಿಡುತ್ತವೆ ಅಷ್ಟೆ.

ಐಬಿ ಡಿಪ್ಲೊಮಾ ಬಿಡಿ ಬಿಡಿ ಕೋರ್ಸಲ್ಲ, ಇಡೀ ಪ್ಯಾಕೇಜು. 1968ರಲ್ಲಿ ಜಿನೀವಾದಲ್ಲಿ ಶುರುವಾದದ್ದು. ಹನ್ನೊಂದು, ಹನ್ನೆರಡನೇ ಗ್ರೇಡಿನ ಎರಡು ವರ್ಷ. ಆರು ವಿಷಯ, ಒಂದೊಂದಕ್ಕೆ 7 ಅಂಕ. ಜೊತೆಗೆ 4,000 ಪದದವರೆಗಿನ ಒಂದು ದೊಡ್ಡ ಪ್ರಬಂಧ ಮತ್ತು ಜ್ಞಾನ ಅಂದರೇನು ಅಂತ ಚರ್ಚೆ ಮಾಡುವ ಒಂದು ಕೋರ್ಸು. ಇವೆರಡಕ್ಕೆ ಸೇರಿ 3 ಅಂಕ, ಒಟ್ಟು 45. ಕಲೆ, ಆಟ, ಸಮಾಜಸೇವೆಯೂ ಇರಲೇಬೇಕು. ಬರೆಯುವುದು, ವಾದ ಮಾಡುವುದು ಇಷ್ಟವಿರುವ ಮಗುವಿಗೆ ಇದು ಹಬ್ಬ. ಒಂದೇ ವಿಷಯದಲ್ಲಿ ಮುಳುಗುವ ಮಗುವಿಗೆ ಆರು ವಿಷಯವನ್ನೂ ಸಮವಾಗಿ ಎಳೆಯುವುದು ಹೊರೆ. ಐಬಿ ಇರುವ ಹೈಸ್ಕೂಲು ನಿಮ್ಮ ಏರಿಯಾದ ಶಾಲೆ ಆಗಿರದೆ ಇರಬಹುದು. ಆಗ ಎಂಟನೇ ಗ್ರೇಡಿನಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಹಾಗಾಗಿ ಕೋರ್ಸು ಶುರುವಾಗುವುದು ಹನ್ನೊಂದರಲ್ಲಾದರೂ ವಿಚಾರಿಸುವುದು ಈಗಲೇ.

ಡ್ಯುಯಲ್ ಎನ್‌ರೋಲ್‌ಮೆಂಟ್ ಅಂದರೆ ಹೈಸ್ಕೂಲಿನಲ್ಲಿರುವಾಗಲೇ ಎರಡು ವರ್ಷದ ಸ್ಥಳೀಯ ಕಾಲೇಜಾದ ಕಮ್ಯೂನಿಟಿ ಕಾಲೇಜಿನ ಕೋರ್ಸು ತೆಗೆದುಕೊಳ್ಳುವುದು. ಹಲವು ಕಡೆ ಫೀಸೇ ಇರುವುದಿಲ್ಲ, ಇದ್ದರೂ ತುಂಬಾ ಕಡಿಮೆ. ಮೇ ತಿಂಗಳ ಒಂದೇ ಪರೀಕ್ಷೆಯ ಭಯವಿಲ್ಲ. ಕೋರ್ಸು ಪಾಸಾದರೆ ಕ್ರೆಡಿಟ್ ಕೈಗೆ ಬಂತು. ಸ್ವಂತ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅದನ್ನು ಒಪ್ಪುತ್ತವೆ. ದೂರದ ಖಾಸಗಿ ಕಾಲೇಜುಗಳು ಒಪ್ಪುವುದು ಕಡಿಮೆ.

ಆದರೆ ಒಂದು ಎಚ್ಚರ, ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಅಲ್ಲಿ ಬರುವ ಗ್ರೇಡು ನಿಜವಾದ ಕಾಲೇಜಿನ ಗ್ರೇಡು. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿ ತೆಗೆದುಕೊಂಡ ಕಾಲೇಜು ಕೋರ್ಸಿನ ಗ್ರೇಡನ್ನೂ ತೋರಿಸಬೇಕು. ಹತ್ತನೇ ಗ್ರೇಡಿನ ಹುಡುಗಿ ಸುಮ್ನೆ ನೋಡೋಣ ಅಂತ ತೆಗೆದುಕೊಂಡ ಕೆಮಿಸ್ಟ್ರಿಯಲ್ಲಿ ಸಿ ಬಂದರೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಅದು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲ ಡ್ಯುಯಲ್ ಕೋರ್ಸು ಮಗುವಿಗೆ ಖಂಡಿತ ಚೆನ್ನಾಗಿ ಬರುವ ವಿಷಯದಲ್ಲೇ ಇರಲಿ.

ಒಂಬತ್ತನೇ ಗ್ರೇಡಿಗೆ ನನ್ನ ಆಯ್ಕೆ ಆನರ್ಸ್, ಅಂದರೆ ಸಾಮಾನ್ಯಕ್ಕಿಂತ ಸ್ವಲ್ಪ ಕಷ್ಟದ ಹೈಸ್ಕೂಲು ಕೋರ್ಸುಗಳು. ಎಪಿ ಬೇಕೇ ಬೇಕು ಅಂದರೆ ಒಂದು. ಹ್ಯೂಮನ್ ಜಿಯೋಗ್ರಫಿ ಅಥವಾ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಈ ವಯಸ್ಸಿಗೆ ಹೊಂದುತ್ತವೆ. ಹತ್ತರಲ್ಲಿ ಒಂದೋ ಎರಡೋ. ಬಯಾಲಜಿ, ಕೆಮಿಸ್ಟ್ರಿ ಎಪಿಗಳು ಹನ್ನೊಂದಕ್ಕೂ ಸಿಗುತ್ತವೆ, ಎಲ್ಲಿಗೂ ಓಡಿ ಹೋಗುವುದಿಲ್ಲ.

ಸುಲಭದ್ದರಲ್ಲಿ ಎ, ಇಲ್ಲಾ ಕಷ್ಟದ್ದರಲ್ಲಿ ಬಿ?

ಪ್ರತಿ ಕೂಟದಲ್ಲೂ ಈ ಪ್ರಶ್ನೆ ಬರುತ್ತದೆ. ಕಷ್ಟದ್ದರಲ್ಲೇ ಎ ತೆಗೀಲಿ ಅನ್ನುವ ಉತ್ತರ ಕೇಳಲು ಚೆಂದ, ಆದರೆ ಅದರಿಂದ ಮಗುವಿಗೆ ಸಹಾಯ ಆಗುವುದಿಲ್ಲ.

ಮೊದಲು ಕಾಲೇಜಿನವರು ಹೇಗೆ ನೋಡುತ್ತಾರೆ ಅಂತ ತಿಳಿದುಕೊಳ್ಳಿ. ಅರ್ಜಿಯ ಜೊತೆ ಕೌನ್ಸೆಲರ್ ಶಾಲೆಯ ಪ್ರೊಫೈಲ್ ಕಳಿಸುತ್ತಾರೆ. ಈ ಶಾಲೆಯಲ್ಲಿ ಯಾವ ಎಪಿ ಸಿಗುತ್ತದೆ, ಗ್ರೇಡುಗಳು ಹೇಗೆ ಹಂಚಿಕೆಯಾಗಿವೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಮಗುವನ್ನು ಆ ಶಾಲೆಯಲ್ಲಿ ಸಿಗುವುದರ ಲೆಕ್ಕದಲ್ಲೇ ನೋಡುತ್ತಾರೆ. ನಾಲ್ಕೇ ಎಪಿ ಇರುವ ಶಾಲೆಯ ಮಗುವನ್ನು ಇಪ್ಪತ್ತು ಎಪಿ ಇರುವ ಶಾಲೆಯ ಮಗುವಿನ ಜೊತೆ ತೂಗುವುದಿಲ್ಲ.

ಇನ್ನು ಪಾಯಿಂಟಿನ ಲೆಕ್ಕ. ಹಲವು ಶಾಲೆಗಳು ಎಪಿಗೆ ಒಂದು ಪಾಯಿಂಟ್ ಜಾಸ್ತಿ ಕೊಡುತ್ತವೆ, ಎ ಬಂದರೆ 4ರ ಬದಲು 5. ಅದನ್ನು ನೋಡಿ ಎಪಿ ಪೇರಿಸುವ ಆಸೆ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅರ್ಹತೆಗೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವಾಗ ಈ ಹೆಚ್ಚಿನ ಪಾಯಿಂಟನ್ನು 8 ಸೆಮಿಸ್ಟರಿಗೆ ನಿಲ್ಲಿಸುತ್ತದೆ. ಅದರಲ್ಲಿ ಹತ್ತನೇ ಗ್ರೇಡಿನದು 4 ಸೆಮಿಸ್ಟರ್ ದಾಟುವಂತಿಲ್ಲ. ಅಂದರೆ ಒಟ್ಟು ನಾಲ್ಕು ವರ್ಷಪೂರ್ತಿ ಕೋರ್ಸಿನಷ್ಟು. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಅರ್ಜಿ ಓದುವವರಿಗೆ ಕಾಣುತ್ತದೆ, ಆದರೆ ಈ ಲೆಕ್ಕದಲ್ಲಿ ಬೆಲೆ ಇಲ್ಲ.

ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಒಂದು ಹಾಳೆ, ಒಂದು ಪೆನ್ನು. ಆ ಫೆಬ್ರವರಿ ರಾತ್ರಿ ಮಗಳ ಪಕ್ಕ ಕೂತು ಸೋಮವಾರದಿಂದ ಭಾನುವಾರದವರೆಗೆ ಏಳು ಕಂಬ ಎಳೆದೆ. ಮೊದಲು ನಿದ್ದೆ ಬರೆದೆವು, ದಿನಕ್ಕೆ ಎಂಟೂವರೆ ಗಂಟೆ. ಆಮೇಲೆ ಶಾಲೆ, ಬಸ್ಸು, ಊಟ, ಪಿಟೀಲು, ಈಜು. ಉಳಿದದ್ದು ವಾರದ ದಿನಗಳಲ್ಲಿ ಹೆಚ್ಚೆಂದರೆ ಮೂರು ಗಂಟೆ. ಮೇಲಿನ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದಾಗ, ಮಗಳು ಬೇಕು ಅಂದಿದ್ದ ಎಪಿಗೇ ವಾರಕ್ಕೆ ಐದಾರು ಗಂಟೆ ಬೇಕಾಗುತ್ತದೆ ಅಂದಿದ್ದಳು. ಅದನ್ನು ಮಗಳೇ ಕಂಬಗಳಲ್ಲಿ ತುಂಬಿದಳು. ಮಂಗಳವಾರ, ಗುರುವಾರ ನಿದ್ದೆಯ ಜಾಗಕ್ಕೆ ಹೋಯಿತು. ನಾನೇನೂ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿ, “ಆರ್ಕೆಸ್ಟ್ರಾ ಇರಲಿ ಅಮ್ಮ,” ಅಂದಳು.

ಇದನ್ನು ಮಗುವೇ ತುಂಬಬೇಕು. ನಾವು ತುಂಬಿದರೆ ಅದು ಅಪ್ಪ ಅಮ್ಮನ ಟೈಮ್‌ಟೇಬಲ್ ಆಗಿಬಿಡುತ್ತದೆ. ಇಷ್ಟದ ವಿಷಯದಲ್ಲಿ ಕಷ್ಟದ ಕೋರ್ಸು ತೆಗೆದುಕೊಂಡು ಬಿ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಷ್ಟವಿಲ್ಲದ ವಿಷಯದಲ್ಲಿ, ಬೇರೆಯವರು ಹಾಕಿದರು ಅಂತ ಹಾಕಿ ಬಂದ ಸಿ ಮಾತ್ರ ಸುಮ್ನೆ ನಷ್ಟ.

ಒಂಬತ್ತರ ಅಂಕಕ್ಕೆ ಎಲ್ಲ ಕಡೆ ಒಂದೇ ತೂಕವಲ್ಲ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳಿಂದ ಜಿಪಿಎ ಲೆಕ್ಕ ಹಾಕುತ್ತದೆ. ಒಂಬತ್ತರ ಕೋರ್ಸು ಪಾಸಾಗಿರಬೇಕು, ಆದರೆ ಆ ಸಂಖ್ಯೆಗೆ ಸೇರುವುದಿಲ್ಲ. ಟೆಕ್ಸಸ್‌ನಲ್ಲಿ ಹಾಗಲ್ಲ. ಅಲ್ಲಿ ತರಗತಿಯ ಮೊದಲ ಶೇ. 10ರಲ್ಲಿ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಾತ್ರಿ ಮಾಡುವ ಕಾನೂನು 1997ರಿಂದ ಇದೆ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಲ್ಲಿ ಮಾತ್ರ 2026ರ ಫಾಲ್‌ನಿಂದ ಮೊದಲ ಶೇ. 5. ಸೀಟು ಖಾತ್ರಿ ಅಂದರೆ ಕೇಳಿದ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಖಾತ್ರಿ ಅಂತಲ್ಲ, ಇದನ್ನು ಹಲವರು ಮರೆಯುತ್ತಾರೆ. ರ‍್ಯಾಂಕಿಗೆ ಸಾಮಾನ್ಯವಾಗಿ ಒಂಬತ್ತರ ಅಂಕವೂ ಸೇರುತ್ತದೆ. ಜಾರ್ಜಿಯಾದಲ್ಲಿ 1993ರಿಂದ ಇರುವ ಹೋಪ್ ಸ್ಕಾಲರ್‌ಶಿಪ್‌ಗೆ ಮುಖ್ಯ ವಿಷಯಗಳಲ್ಲಿ 3.0 ಜಿಪಿಎ ಬೇಕು, ಅದೂ ಒಂಬತ್ತರಿಂದಲೇ. ಬೇರೆ ರಾಜ್ಯದ ಗೆಳೆಯರ ಸಲಹೆ ಕೇಳುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿ.

ಹತ್ತು ಚಟುವಟಿಕೆಯೋ, ಎರಡೋ

ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗೆ ಹತ್ತು ಜಾಗ ಇದೆ. ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ಹತ್ತೂ ತುಂಬಲೇಬೇಕು ಅಂತ ಎಲ್ಲೂ ಇಲ್ಲ. ಮೂರು, ನಾಲ್ಕು ವರ್ಷ ಬಿಡದೆ ಮಾಡಿದ ಎರಡು ಕೆಲಸ, ತಲಾ ಎರಡು ತಿಂಗಳು ಮಾಡಿದ ಎಂಟು ಕ್ಲಬ್ಬಿಗಿಂತ ಚೆನ್ನಾಗಿ ಮಾತಾಡುತ್ತದೆ. ಸಂಬಳದ ಕೆಲಸ, ಮನೆಯಲ್ಲಿ ತಮ್ಮನನ್ನೋ ಅಜ್ಜಿಯನ್ನೋ ನೋಡಿಕೊಳ್ಳುವುದು ಕೂಡ ಅಲ್ಲಿ ಬರೆಯಬಹುದಾದ ಚಟುವಟಿಕೆಯೇ.

ದೊಡ್ಡ ವಿಶ್ವವಿದ್ಯಾಲಯದ ಆವರಣದಲ್ಲಿ ಬೇಸಿಗೆಯಲ್ಲಿ ನಡೆಯುವ ದುಬಾರಿ ಪ್ರೋಗ್ರಾಮುಗಳ ಬಗ್ಗೆ ಒಂದು ಮಾತು. ಫೀಸು ಕಟ್ಟಿದವರನ್ನೆಲ್ಲ ಸೇರಿಸಿಕೊಳ್ಳುವ ಪ್ರೋಗ್ರಾಮಿನಿಂದ ಆ ಕಾಲೇಜಿನ ಸೀಟು ಹತ್ತಿರ ಬರುವುದಿಲ್ಲ. ಮಗುವಿಗೆ ಕಲಿಯುವ ಖುಷಿ ಸಿಗುತ್ತದೆ, ನಿಮ್ಮ ಕೈಯಲ್ಲಿ ದುಡ್ಡಿದೆ ಅಂದರೆ ಕಳಿಸಿ. ಸೀಟಿನ ಆಸೆಗೆ ಸಾಲ ಮಾಡಿ ಕಳಿಸಬೇಡಿ, ದಯವಿಟ್ಟು.

ಎಸ್‌ಎಟಿ, ಎಸಿಟಿ

ಇವು ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆಗಳು. ಇದು ಧಾರಾಳವಾಗಿ ಮುಂದಕ್ಕೆ ಬಿಡಬಹುದಾದದ್ದು. ಒಂಬತ್ತನೇ ಗ್ರೇಡಿನ ಮಗುವನ್ನು ಕೋಚಿಂಗಿಗೆ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಎಸ್‌ಎಟಿ 2024ರಿಂದ ಅಮೆರಿಕದಲ್ಲಿ ಪೂರ್ತಿ ಕಂಪ್ಯೂಟರಿನಲ್ಲಿ, 2 ಗಂಟೆ 14 ನಿಮಿಷ, 1600 ಅಂಕ. ಎಸಿಟಿ 36 ಅಂಕ, 2025ರಿಂದ ಅದರಲ್ಲಿ ವಿಜ್ಞಾನ ಐಚ್ಛಿಕ. ನಿಧಾನವಾಗಿ ಯೋಚಿಸುವ ಮಕ್ಕಳಿಗೆ ಪ್ರತಿ ಪ್ರಶ್ನೆಗೂ ಸ್ವಲ್ಪ ಜಾಸ್ತಿ ಸಮಯ ಸಿಗುವ ಎಸ್‌ಎಟಿ ವಾಸಿ. ಹತ್ತು ಮುಗಿದ ಬೇಸಿಗೆಯಲ್ಲಿ ಎರಡರದ್ದೂ ಒಂದೊಂದು ಪೂರ್ತಿ ಅಭ್ಯಾಸ ಪರೀಕ್ಷೆ ಬರೆಸಿ, ಯಾವುದು ಹೊಂದುತ್ತದೋ ಅದನ್ನು ಹಿಡಿಯಿರಿ. ಎಸ್‌ಎಟಿ ಅಭ್ಯಾಸಕ್ಕೆ ಬ್ಲೂಬುಕ್ ಆ್ಯಪ್, ಖಾನ್ ಅಕಾಡೆಮಿ ವೆಬ್‌ಸೈಟು ಎರಡೂ ಉಚಿತ.

ಈ ಅಂಕಗಳನ್ನು ಯಾವ ಕಾಲೇಜು ಕೇಳುತ್ತದೆ ಅನ್ನುವುದು ಬದಲಾಗುತ್ತಾ ಇದೆ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು. ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್ 2024ರಲ್ಲಿ ಮತ್ತೆ ತರುವುದಾಗಿ ಹೇಳಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೊಟ್ಟರೂ ನೋಡುವುದಿಲ್ಲ. ಎಸ್‌ಎಟಿಗೆ ಮುಂಚಿನ ಪರೀಕ್ಷೆಯಾದ ಅಕ್ಟೋಬರಿನ ಪಿಎಸ್‌ಎಟಿಯಲ್ಲಿ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ಗೆ ಲೆಕ್ಕವಾಗುವುದು ಹನ್ನೊಂದನೇ ಗ್ರೇಡಿನದು. ಹತ್ತರಲ್ಲಿ ಬರೆದರೆ ಅಭ್ಯಾಸ.

ದುಡ್ಡು: ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ

ಸರ್ಕಾರದ ನೆರವಿಗೆ ಹಾಕುವ ಫ್ಯಾಫ್ಸಾ ಅರ್ಜಿ ಎರಡು ವರ್ಷ ಹಿಂದಿನ ಆದಾಯ ನೋಡುತ್ತದೆ. 2029ರ ಫಾಲ್‌ನಲ್ಲಿ ಕಾಲೇಜು ಸೇರುವ ಮಗುವಿಗೆ 2027ರ ಟ್ಯಾಕ್ಸ್ ಲೆಕ್ಕ. 2027ರ ಜನವರಿಯಲ್ಲಿ ಆ ಮಗು ಹತ್ತನೇ ಗ್ರೇಡಿನ ಮಧ್ಯದಲ್ಲಿರುತ್ತದೆ! ಆ ವರ್ಷ ಷೇರು ಮಾರಿ ದೊಡ್ಡ ಲಾಭ ತೋರಿಸಿದರೆ ಅದು ನೇರ ಲೆಕ್ಕಕ್ಕೆ ಬರುತ್ತದೆ. ಮಾರಲೇಬೇಕಾದರೆ ಹತ್ತನೇ ಗ್ರೇಡಿನ ಡಿಸೆಂಬರ್ ಒಳಗೆ ಮಾರುವುದು ವಾಸಿ.

ಹಣ ಯಾರ ಹೆಸರಲ್ಲಿದೆ ಅನ್ನುವುದೂ ಮುಖ್ಯ. ಮಗುವಿನ ಹೆಸರಿನ ಉಳಿತಾಯದಲ್ಲಿ ಶೇ. 20ರಷ್ಟು ಕಾಲೇಜಿಗೆ ಸಿಗುವ ಹಣ ಅಂತ ಫ್ಯಾಫ್ಸಾ ಎಣಿಸುತ್ತದೆ. ಅಪ್ಪ ಅಮ್ಮನ ಹೆಸರಿನದಕ್ಕೆ, ಓದಿಗೆಂದು ಕೂಡಿಡುವ 529 ಖಾತೆಯೂ ಸೇರಿ, ಹೆಚ್ಚೆಂದರೆ ಶೇ. 5.64. 401ಕೆ ತರಹದ ನಿವೃತ್ತಿ ಖಾತೆಯಲ್ಲಿರುವ ಹಣ ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಿವೃತ್ತಿಯ ಹಣ ತೆಗೆದು ಮಗುವಿನ ಖಾತೆಗೆ ಹಾಕುವುದು ಪ್ರೀತಿಯಿಂದ ಮಾಡಿದ ತಪ್ಪು.

ಈಗ ಕಾಲೇಜುಗಳ ಹೋಲಿಕೆ. ಸ್ವಂತ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯ ಹೆಚ್ಚಿನ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಲೆಕ್ಕ. ಬೇರೆ ರಾಜ್ಯದ್ದಾದರೆ ಖರ್ಚು ಜಿಗಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೊರಗಿನವರಿಂದ ವರ್ಷಕ್ಕೆ 30,000 ಡಾಲರ್‌ಗಿಂತ ಜಾಸ್ತಿ ಹೆಚ್ಚುವರಿ ಫೀಸು ತೆಗೆದುಕೊಳ್ಳುತ್ತದೆ. ಖಾಸಗಿ ಕಾಲೇಜಿನ ಬೋರ್ಡಿನ ಮೇಲಿನ ಬೆಲೆ ನೋಡಿ ಹೆದರಿ ಬಿಡಬೇಡಿ, ನಂಬಿಯೂ ಬಿಡಬೇಡಿ. ಹಾರ್ವರ್ಡ್, ಎಂಐಟಿ ಎರಡೂ 2025ರಿಂದ ವರ್ಷಕ್ಕೆ 2,00,000 ಡಾಲರ್‌ವರೆಗಿನ ಆದಾಯದ, ಸಾಮಾನ್ಯ ಆಸ್ತಿಯ ಮನೆಗಳಿಗೆ ಟ್ಯೂಷನ್ ಫೀಸು ಬಿಟ್ಟಿವೆ. ಆದರೆ ಅಷ್ಟು ನೆರವು ಕೊಡುವ ಕಾಲೇಜು ಬೆರಳೆಣಿಕೆಯವು. 2011ರಿಂದ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ, ನೆರವು ಕಳೆದು ನೀವು ಕಟ್ಟಬೇಕಾದ ಅಂದಾಜು ಬೆಲೆ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು. ಒಂದು ಶನಿವಾರ ಕೂತು ಮೂರು ಬಗೆಯ ಕಾಲೇಜಿಗೆ ನಿಮ್ಮ ಸಂಖ್ಯೆ ಹಾಕಿ ನೋಡಿ. ಅರ್ಧ ಗಂಟೆಯಲ್ಲಿ ಎಷ್ಟೋ ಊಹೆ ಕರಗುತ್ತದೆ.

ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯನ್ನು ನಮ್ಮವರು ಕೀಳಾಗಿ ನೋಡುವುದು ನನಗೆ ಬೇಸರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ಟ್ರಾನ್ಸ್‌ಫರ್ ಸೀಟನ್ನು ಖಾತ್ರಿ ಮಾಡುತ್ತವೆ. ಕೊನೆಗೆ ಸಿಗುವ ಡಿಗ್ರಿ ಅದೇ. ಹೈಸ್ಕೂಲಿನಲ್ಲಿ ಕಾಯಿಲೆಯಿಂದಲೋ ಮನೆಯ ತಾಪತ್ರಯದಿಂದಲೋ ಗ್ರೇಡು ಕೆಟ್ಟ ಮಗುವಿಗೆ ಇದು ಹೊಸ ಹಾಳೆ.

ಎಚ್-4ನಲ್ಲಿರುವ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿರುವ, ಮಕ್ಕಳ ಮನೆಗಳಿಗೆ ಬೇರೆಯೇ ಲೆಕ್ಕ. ಅವರಿಗೆ ಸರ್ಕಾರದ ಫ್ಯಾಫ್ಸಾ ನೆರವು ಇಲ್ಲ. ಇಪ್ಪತ್ತೊಂದು ತುಂಬಿದಾಗ ಎಚ್-4 ಮುಗಿಯುತ್ತದೆ, ಅಂದರೆ ಕಾಲೇಜಿನ ಮಧ್ಯದಲ್ಲೇ. ರಾಜ್ಯದವರ ಫೀಸು ಸಿಗುತ್ತದಾ, ನೆರವಿಗೆ ವಿದೇಶಿ ಅಂತ ಎಣಿಸುತ್ತಾರಾ ಅನ್ನುವುದು ರಾಜ್ಯಕ್ಕೆ, ಕಾಲೇಜಿಗೆ ತಕ್ಕಂತೆ ಬೇರೆ ಬೇರೆ. ಪ್ರತಿ ಕಾಲೇಜಿಗೂ ಇಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ಮಗುವಿಗೂ ಹತ್ತರಲ್ಲೇ ಈ ಮಾತು ತಿಳಿದಿರಲಿ. ಹನ್ನೆರಡರ ಏಪ್ರಿಲ್‌ನಲ್ಲಿ ಗೊತ್ತಾಗುವುದು ತುಂಬಾ ನೋವು.

ಶಾಲೆಯ ಕೌನ್ಸೆಲರೋ, ಖಾಸಗಿ ಸಲಹೆಗಾರರೋ

ಖಾಸಗಿಯವರಿಗೆ ದುಡ್ಡು ಕೊಟ್ಟರೆ ಸಮಯ ಕೊಡುತ್ತಾರೆ. ಆದರೆ ಶಾಲೆಯ ಪರವಾಗಿ ಕಾಲೇಜಿಗೆ ಪತ್ರ ಬರೆಯುವವರು ಶಾಲೆಯ ಕೌನ್ಸೆಲರ್. ಅವರ ಕೈಕೆಳಗೆ ನೂರಾರು ಮಕ್ಕಳಿರುತ್ತಾರೆ, ನಿಮ್ಮ ಮಗು ಹೆಸರಿಗಷ್ಟೇ ಗೊತ್ತಿದ್ದರೆ ಪತ್ರವೂ ಅಷ್ಟೇ ಆಗುತ್ತದೆ. ಒಂಬತ್ತು, ಹತ್ತರಲ್ಲಿ ಖಾಸಗಿಯವರು ಬೇಡ ಅನ್ನುವುದು ನನ್ನ ಅಭಿಪ್ರಾಯ. ಬದಲಿಗೆ ಸೆಮಿಸ್ಟರಿಗೆ ಒಂದು ಸಲ ಮಗುವೇ ಕೌನ್ಸೆಲರ್ ಹತ್ತಿರ ಹತ್ತು ನಿಮಿಷ ಕೇಳಿಕೊಂಡು ಹೋಗಲಿ, ನಾವು ಹೊರಗಿರೋಣ. ಮೊದಲ ಸಲ ನಮ್ಮವಳು ಅಂಗೈ ಅಗಲದ ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿದ್ದಳು. ಈ ಗಣಿತ ತೆಗೆದುಕೊಂಡರೆ ಹನ್ನೆರಡರಲ್ಲಿ ಎಲ್ಲಿರುತ್ತೇನೆ? ಭಾಷೆ ಯಾವಾಗ ನಿಲ್ಲಿಸಬಹುದು? ಆರ್ಕೆಸ್ಟ್ರಾ ಇಟ್ಟುಕೊಂಡೂ ಹನ್ನೊಂದರಲ್ಲಿ ಎಪಿ ಬಯಾಲಜಿಗೆ ಜಾಗ ಇರುತ್ತದಾ? ಮೂರನೆಯದಕ್ಕೆ ಅವರು ಅವಳ ಕಡೆಗೆ ಕಂಪ್ಯೂಟರ್ ತಿರುಗಿಸಿ, ಇಬ್ಬರೂ ಸೇರಿ ಮೂರು ವರ್ಷದ ಪಟ್ಟಿ ಮಾಡಿದ್ದರು. ಹನ್ನೆರಡರಲ್ಲಿ ಬರೆದ ಪತ್ರದಲ್ಲಿ ಅವರು ಆ ಚೀಟಿಯ ಬಗ್ಗೆಯೂ ಬರೆದಿದ್ದಾಗಿ ಆಮೇಲೆ ಹೇಳಿದರು.